ಎಣಿಸದೆ ಬಿಟ್ಟದ್ದನ್ನು ಸೊನ್ನೆ ಎನ್ನಬೇಡಿ

ಇಂದ:
ಸಹ ಪ್ರಾಧ್ಯಾಪಕಿ ಹಾಗೂ ತ್ರೈಮಾಸಿಕದ ಸಂಪಾದಕಿ,
ಕನ್ನಡ ಅಧ್ಯಯನ ವಿಭಾಗ

ಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಉಲ್ಲೇಖ ಸೂಚಿ ಸೇವಾ ಸಂಸ್ಥೆ, ಬೆಂಗಳೂರು ಶಾಖೆ

ವಿಷಯ: ನಿಮ್ಮ ಮೌಲ್ಯಮಾಪನ ವರದಿಯಲ್ಲಿ ಕನ್ನಡ ಸಂಶೋಧನೆ ಕಾಣೆಯಾಗಿರುವ ಬಗ್ಗೆ ದೂರು

ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯವು ಚಂದಾ ಕಟ್ಟಿ ಪಡೆಯುತ್ತಿರುವ, ಯಾವ ಲೇಖನವನ್ನು ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂದು ಎಣಿಸುವ ನಿಮ್ಮ ಉಲ್ಲೇಖ ಸೂಚಿಯಿಂದ ಕಳೆದ ತಿಂಗಳು ತೆಗೆದ ವಿಭಾಗವಾರು ವರದಿಯಲ್ಲಿ, ಕನ್ನಡ ವಿಭಾಗದ ಎದುರು ಐದು ವರ್ಷಗಳ ಪ್ರಕಟಣೆಗಳು 2, ಉಲ್ಲೇಖಗಳು 0 ಎಂದಿದೆ. ಆ 2 ಲೇಖನಗಳೂ ಸಹೋದ್ಯೋಗಿಯೊಬ್ಬರು ಇಂಗ್ಲಿಷಿನಲ್ಲಿ ಬರೆದವು. ಇದೇ ಅವಧಿಯಲ್ಲಿ ವಿಭಾಗದವರು ಕನ್ನಡ ನಿಯತಕಾಲಿಕೆಗಳಲ್ಲಿ ಪ್ರಕಟಿಸಿದ 40ಕ್ಕೂ ಹೆಚ್ಚು ಲೇಖನಗಳಲ್ಲಿ ಒಂದೂ ಅಲ್ಲಿಲ್ಲ. ಗ್ರಂಥಗಳ ಮಾತಂತೂ ಇಲ್ಲವೇ ಇಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ತಾನು ಮಾನ್ಯ ಮಾಡಿದ ನಿಯತಕಾಲಿಕೆಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ನಿಯತಕಾಲಿಕೆಗಳ ಯೋಗ್ಯತೆಯನ್ನು ಅಳೆಯುವ ಹೊಣೆ ಆಯಾ ಶಿಕ್ಷಣ ಸಂಸ್ಥೆಗಳ ಮೇಲೆ ಬಿದ್ದಿದೆ. ನಮ್ಮಲ್ಲಿ ಬಡ್ತಿಯ ಕಡತಗಳನ್ನು ನೋಡುವ ಸಮಿತಿಯವರು ಸುಲಭದ ದಾರಿ ಹಿಡಿದು ನಿಮ್ಮ ವರದಿಯನ್ನೇ ಮುಂದಿಟ್ಟುಕೊಂಡಿದ್ದಾರೆ. ಅದು ಅವರ ತಪ್ಪು, ಒಪ್ಪುತ್ತೇನೆ. ಆದರೆ ಆ ವರದಿಯಲ್ಲಿ ಏನೇನು ಸೇರಿಲ್ಲ ಎಂಬ ಒಂದು ಸಾಲಿನ ಸೂಚನೆಯನ್ನೂ ಕೊಡದೆ ಅದನ್ನು ‘ಮೌಲ್ಯಮಾಪನ ಸಾಧನ’ವೆಂದು ಮಾರಿದ್ದು ನೀವು.

ನಾವು ಸಂಪಾದಿಸುವ ತ್ರೈಮಾಸಿಕವನ್ನು ಸೂಚಿಗೆ ಸೇರಿಸಲು ಅರ್ಜಿ ಹಾಕಿದಾಗ, ಆಧಾರಸೂಚಿ, ಅಂದರೆ ಲೇಖನಗಳಲ್ಲಿ ಕೊಡುವ ಆಕರಗಳ ವಿವರ, ರೋಮನ್ ಲಿಪಿಯಲ್ಲಿಲ್ಲವೆಂಬ ಕಾರಣ ಕೊಟ್ಟು ತಿರಸ್ಕರಿಸಿದಿರಿ. ಇಂಗ್ಲಿಷ್ ಸಾರಾಂಶ ಬೇಕೆಂದಾಗ ನಾವು ತಕರಾರು ಮಾಡಲಿಲ್ಲ, ಪ್ರತಿ ಸಂಚಿಕೆಯಲ್ಲೂ ಕೊಡುತ್ತಿದ್ದೇವೆ. ಆಧಾರಸೂಚಿಯ ವಿಷಯ ಬೇರೆ. ಶಾಸನಗಳ ಮೇಲಿನ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ‘ಎ.ಕ.’ ಎಂದು ಬರೆದು ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಕೊಟ್ಟರೆ ನಮ್ಮ ಓದುಗರು ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಆ ಪುಟಕ್ಕೆ ನೇರವಾಗಿ ಹೋಗುತ್ತಾರೆ. ಅದನ್ನು ನಿಮ್ಮ ಯಂತ್ರಕ್ಕಾಗಿ ಲಿಪ್ಯಂತರಿಸಿದರೆ, ಲಕಾರ ಳಕಾರಗಳೂ ನಕಾರ ಣಕಾರಗಳೂ ಒಂದರೊಳಗೊಂದು ಕಲಸಿಹೋಗಿ, ಒಬ್ಬ ಲೇಖಕ ಇಬ್ಬರಾಗುತ್ತಾನೆ, ಇಬ್ಬರು ಒಬ್ಬರಾಗುತ್ತಾರೆ. ಊರಿನ ಹೆಸರನ್ನು ಮೊದಲಕ್ಷರವಾಗಿ ಇಟ್ಟುಕೊಳ್ಳುವ ನಮ್ಮ ಪದ್ಧತಿಯಿಂದಾಗಿ ನಾನೇ ನಿಮ್ಮಲ್ಲಿ ಮೂರು ಹೆಸರುಗಳಲ್ಲಿ ಹಂಚಿಹೋಗಿದ್ದೇನೆ.

ಯೂಜೀನ್ ಗಾರ್ಫೀಲ್ಡ್ ಅವರು ಫಿಲಡೆಲ್ಫಿಯಾದಿಂದ ವಿಜ್ಞಾನದ ಮೊದಲ ಉಲ್ಲೇಖ ಸೂಚಿಯನ್ನು ಹೊರತಂದದ್ದು 1964ರಲ್ಲಿ. ಎ.ಆರ್. ಕೃಷ್ಣಶಾಸ್ತ್ರಿಗಳ ಕನ್ನಡ ವಿದ್ವತ್ ಪತ್ರಿಕೆ ‘ಪ್ರಬುದ್ಧ ಕರ್ನಾಟಕ’ ಆರಂಭವಾದದ್ದು ಅದಕ್ಕೂ ಬಹಳ ಮೊದಲೇ, 1919ರಲ್ಲಿ. ಸ್ಥಳೀಯವಾಗಿ ಮಹತ್ವವಿರುವ ಸಂಶೋಧನೆಯನ್ನು ಕಾಪಾಡಬೇಕೆಂದು ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವವರಿಗಾಗಿ ತಜ್ಞರು ರೂಪಿಸಿದ 2015ರ ಲೈಡನ್ ಪ್ರಣಾಳಿಕೆಯೂ ಹೇಳಿದೆ. ಅಳತೆಯ ಕಸುಬಿನವರಾದ ನಿಮಗೆ ಅದು ಹೊಸದಲ್ಲ.

ಎಲ್ಲ ಕನ್ನಡ ಪತ್ರಿಕೆಗಳನ್ನೂ ಕಣ್ಣುಮುಚ್ಚಿ ಸೇರಿಸಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವವು ಕನ್ನಡದಲ್ಲೂ ಇವೆ. ನಿಮ್ಮ ಸೂಚಿಯಲ್ಲಿ ಯಾವ ಭಾಷೆಯ ಎಷ್ಟು ನಿಯತಕಾಲಿಕೆಗಳಿವೆ ಎಂಬುದು ಪ್ರತಿ ವರದಿಯ ಮೊದಲ ಪುಟದಲ್ಲೇ ಕಾಣುವಂತಿರಬೇಕು. ನೀವು ಹುಡುಕದೆ ಇದ್ದ ಕಡೆ ‘0’ ಎಂದು ಅಚ್ಚಾಗದೆ ‘ವ್ಯಾಪ್ತಿಯಲ್ಲಿಲ್ಲ’ ಎಂದಿರಬೇಕು. ನಮ್ಮ ಅರ್ಜಿಯನ್ನು ಕನ್ನಡ ಓದಬಲ್ಲ ವಿದ್ವಾಂಸರೊಬ್ಬರು ಪತ್ರಿಕೆಯನ್ನು ಓದಿದ ಮೇಲೆ ಮರುಪರಿಶೀಲಿಸಬೇಕು. ಬಡ್ತಿಯ ಕಡತಗಳು ಸಮಿತಿಯ ಮುಂದಿರುವುದರಿಂದ ತಿದ್ದಿದ ವರದಿ 15 ದಿನಗಳೊಳಗೆ ನಮಗೆ ತಲುಪಬೇಕು.

ಚಂದಾ ನವೀಕರಣ ಗ್ರಂಥಾಲಯ ಸಮಿತಿಯ ಮುಂದೆ ಬಂದಾಗ ಈ ಪತ್ರವನ್ನೂ ನಿಮ್ಮ ಉತ್ತರವನ್ನೂ ಮಂಡಿಸುತ್ತೇನೆ. ನಿಮ್ಮ ಉತ್ತರವು ಕನ್ನಡದಲ್ಲೇ ಇರಲಿ; ಚಂದಾ ಕೇಳಲು ಬಂದಿದ್ದ ನಿಮ್ಮ ಪ್ರತಿನಿಧಿ ಬಹಳ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು.

ಇಂತಿ,
ಸಹ ಪ್ರಾಧ್ಯಾಪಕಿ, ಕನ್ನಡ ಅಧ್ಯಯನ ವಿಭಾಗ

ಲಗತ್ತು: ವಿಭಾಗದ ಪ್ರಕಟಣೆಗಳ ಪಟ್ಟಿ, ನಿಮ್ಮ ವರದಿಯ ಪ್ರತಿ, ತಿರಸ್ಕಾರ ಪತ್ರದ ಪ್ರತಿ