ಮಗುವನ್ನೇ ನೋಡದೆ ಮಕ್ಕಳ ಮನೋವಿಜ್ಞಾನ ಪಾಸ್

ಮಾನ್ಯ ಸಂಪಾದಕರೇ,

ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಕೋರ್ಸ್ ನಡೆಸುವುದನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಿದೆ. ಗುಣಮಟ್ಟ ಕಾಪಾಡಬೇಕು ಅನ್ನುವುದು ಕಾರಣ. ಸರಿ, ಒಪ್ಪೋಣ. ಆದರೆ ದಿನಾ ಬಸ್ಸು ಹತ್ತಿ ಬಂದು ಕ್ಲಾಸಿನಲ್ಲಿ ಕೂರುವ ನಾವು ಏನು ಕಲಿಯುತ್ತಿದ್ದೇವೆ ಅಂತಲೂ ಯಾರಾದರೂ ಕೇಳಬೇಕಲ್ವಾ?

ನಾನು ಎಂ.ಎಸ್ಸಿ. ಸೈಕಾಲಜಿ ಎರಡನೇ ವರ್ಷದಲ್ಲಿದ್ದೇನೆ. ಬಿ.ಎ.ಯಲ್ಲೂ ಇದೇ ವಿಷಯ ಓದಿದವಳು. ಎರಡೂ ಕಡೆ ಡೆವಲಪ್‌ಮೆಂಟಲ್ ಸೈಕಾಲಜಿ, ಅಂದರೆ ಮಗುವಿನ ಮನಸ್ಸು ಬೆಳೆಯುವ ಬಗೆಯ ಪೇಪರ್ ಇತ್ತು, ಎರಡರಲ್ಲೂ ಒಳ್ಳೆಯ ಮಾರ್ಕ್ಸ್ ಬಂತು. ಆ ಪೇಪರಿಗಾಗಿ ಕಾಲೇಜಿನವರು ಒಂದೇ ಒಂದು ಸಲವೂ ನಮ್ಮನ್ನು ಒಂದು ಮಗುವಿನ ಎದುರು ಕೂರಿಸಲಿಲ್ಲ. ಪ್ರಾಕ್ಟಿಕಲ್ ಅಂದರೆ ನಾವು ನಾವೇ ಒಬ್ಬರ ಮೇಲೊಬ್ಬರು ಟೆಸ್ಟ್ ಮಾಡಿಕೊಳ್ಳುವುದು. ರೆಕಾರ್ಡ್ ಬುಕ್ಕಿನಲ್ಲಿ ‘ಸಬ್ಜೆಕ್ಟ್’ ಅಂತ ಬರೆಯುವುದು ಹಾಸ್ಟೆಲ್ ರೂಮ್‌ಮೇಟ್ ಹೆಸರು!

ನಾವು ಬಾಯಿಪಾಠ ಮಾಡುವ ಹೆಸರುಗಳ ಕಡೆ ನೋಡಿ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಹುಡುಕಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ತನ್ನ ಮೂರು ಮಕ್ಕಳು ಆಡುವುದನ್ನು, ಕೈಗೆ ಸಿಕ್ಕಿದ್ದನ್ನು ಎಸೆಯುವುದನ್ನು, ಹುಡುಕುವುದನ್ನು ಕೂತು ನೋಡಿ ಬರೆದಿಟ್ಟವರು. ತಾಯಿ-ಮಗುವಿನ ನಂಟನ್ನು ಅಧ್ಯಯನ ಮಾಡಿದ ಮೇರಿ ಐನ್ಸ್‌ವರ್ತ್ ಹೆಸರು ಬಂದ ತಕ್ಷಣ ನಾವು ಅಮೆರಿಕದ ಆ ಲ್ಯಾಬ್ ಪ್ರಯೋಗ ಬರೆಯುತ್ತೇವೆ: ತಾಯಿ ಕೋಣೆಯಿಂದ ಹೊರಗೆ ಹೋಗುತ್ತಾಳೆ, ಮಗು ಅಳುತ್ತದೆ, ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ. ಅದಕ್ಕೂ ಮೊದಲು ಆಕೆ ಉಗಾಂಡದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಾಯಿ-ಮಕ್ಕಳನ್ನು ತಿಂಗಳುಗಟ್ಟಲೆ ನೋಡಿದ್ದರು ಅನ್ನುವುದು ನಮ್ಮ ನೋಟ್ಸ್‌ನಲ್ಲಿ ಇರಲೇ ಇಲ್ಲ. ಅವರೆಲ್ಲ ನೋಡಿದರು. ನಾವು ಅವರು ನೋಡಿದ್ದನ್ನು ಐದು ಪಾಯಿಂಟ್ ಮಾಡಿ ಬರೆಯುತ್ತೇವೆ.

ಪಿಯಾಜೆಯ ನೀರಿನ ಪ್ರಯೋಗ ಎಲ್ಲರಿಗೂ ಗೊತ್ತು. ಒಂದೇ ಥರದ ಎರಡು ಗ್ಲಾಸಿನಲ್ಲಿ ಸಮ ನೀರು. ಒಂದನ್ನು ಉದ್ದನೆಯ ಕಿರಿದಾದ ಗ್ಲಾಸಿಗೆ ಸುರಿದು ‘ಈಗ ಯಾವುದರಲ್ಲಿ ಜಾಸ್ತಿ?’ ಅಂತ ಕೇಳಿದರೆ ನಾಲ್ಕೈದು ವರ್ಷದ ಮಗು ಉದ್ದ ಗ್ಲಾಸನ್ನು ತೋರಿಸುತ್ತದೆ. ಮಗುವಿಗೆ ಇನ್ನೂ ಆ ತರ್ಕ ಬಂದಿಲ್ಲ ಅಂತ ಬರೆದರೆ ಫುಲ್ ಮಾರ್ಕ್ಸ್. ಆದರೆ 1970ರ ದಶಕದಲ್ಲೇ ಬೇರೆ ಸಂಶೋಧಕರು ಇದನ್ನು ಕೆದಕಿದರು. ಸುರಿಯುವ ಮೊದಲು ಒಂದು ಸಲ, ಸುರಿದ ಮೇಲೆ ಇನ್ನೊಂದು ಸಲ ಅದೇ ಪ್ರಶ್ನೆ ಕೇಳುತ್ತೀರಲ್ಲ, ಕೊನೆಗೆ ಒಂದೇ ಸಲ ಕೇಳಿ ನೋಡಿ ಅಂದರು. ಹಾಗೆ ಕೇಳಿದಾಗ ಸರಿ ಹೇಳುವ ಮಕ್ಕಳು ಜಾಸ್ತಿಯಾದರು. ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ, ಸಾಲಾಗಿ ಜೋಡಿಸಿದ ವಸ್ತುಗಳನ್ನು ದೊಡ್ಡವರು ಬೇಕಂತಲೇ ಸರಿಸುವ ಬದಲು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಆಗಲೂ ಎಷ್ಟೋ ಮಕ್ಕಳು ‘ಅಷ್ಟೇ ಇದೆ’ ಅಂದವು. ನಮ್ಮ ಶಾಲೆಗಳನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇಷ್ಟ್ರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು ಅಂದರೆ ನಾನು ಮೊದಲು ಹೇಳಿದ್ದು ತಪ್ಪು ಅಂತಲೇ ಮಗು ತಿಳಿಯುತ್ತದೆ. ಹಾಗಾದರೆ ನಾವು ಅಳೆಯುತ್ತಿರುವುದು ಮಗುವಿನ ತರ್ಕವನ್ನೋ, ದೊಡ್ಡವರ ಮುಖ ನೋಡಿ ಉತ್ತರ ಬದಲಿಸುವ ಜಾಣತನವನ್ನೋ? ಇದನ್ನು ಓದಿ ತಿಳಿಯುವುದಕ್ಕಿಂತ ಒಂದು ಮಗುವಿನ ಮುಂದೆ ಕೂತು ಕೇಳಿದರೆ ಬೇಗ ತಿಳಿಯುತ್ತದೆ. (ಮನೆಯಲ್ಲಿ ಮಾಡಿ ನೋಡುವವರು ಸ್ಟೀಲ್ ಲೋಟ ಬಿಟ್ಟು ಗಾಜಿನದ್ದು ಹುಡುಕಿಕೊಳ್ಳಿ.)

ಇನ್ನು ವಯಸ್ಸಿನ ಪಟ್ಟಿಗಳು. ಮಗು ಯಾವಾಗ ನಡೆಯುತ್ತದೆ? ‘12 ತಿಂಗಳು’ ಅಂತ ಬರೆದರೆ ಎರಡು ಮಾರ್ಕ್ಸ್. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತವೂ ಇತ್ತು. ಆರೋಗ್ಯವಂತ ಮಕ್ಕಳು ಯಾರ ಕೈಯೂ ಹಿಡಿಯದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ ಅಂತ ಅದು ಹೇಳುತ್ತದೆ. ಕೆಲವು ಮಕ್ಕಳು ಅಂಬೆಗಾಲೇ ಇಡದೆ ನಡೆದುಬಿಡುತ್ತವೆ. ಈ ಹರವನ್ನು ಕಣ್ಣಾರೆ ನೋಡದವರು ನಾಳೆ ಕೌನ್ಸೆಲರ್ ಆಗಿ ಕೂತರೆ ಎರಡು ಥರದ ಅನಾಹುತ. ಸರಿಯಾಗಿರುವ ಮಗುವಿನ ಅಪ್ಪ-ಅಮ್ಮನನ್ನು ಸುಮ್ನೆ ಹೆದರಿಸುತ್ತಾರೆ. ಹೆಸರು ಕರೆದರೂ ತಿರುಗದ, ಒಂದೂವರೆ ವರ್ಷವಾದರೂ ಬೆರಳು ಮಾಡಿ ಏನನ್ನೂ ತೋರಿಸದ ಮಗುವಿನ ವಿಷಯದಲ್ಲಿ ‘ಗಂಡು ಮಕ್ಕಳು ಮಾತಾಡೋದು ತಡ, ಅವರಪ್ಪನೂ ಹಾಗೇ ಇದ್ದ’ ಅನ್ನುವ ಅಜ್ಜಿಯ ಮಾತಿಗೆ ತಲೆಯಾಡಿಸಿ ಕಳಿಸುತ್ತಾರೆ. ಎರಡನೆಯದು ಜಾಸ್ತಿ ಅಪಾಯ, ಆ ವಯಸ್ಸಿನಲ್ಲಿ ಕಳೆದ ಒಂದೊಂದು ವರ್ಷವೂ ದುಬಾರಿ.

ನಮ್ಮಲ್ಲಿ ಈ ಕೆಲಸಕ್ಕೆ ಪರಂಪರೆ ಇಲ್ಲ ಅಂತಲ್ಲ. ವಿ.ವಿ. ಕಾಮತ್ 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವ ಹಾಗೆ ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು ತಿದ್ದಿ ಕಟ್ಟಿದರು. ಬಿನೆ-ಕಾಮತ್ ಪರೀಕ್ಷೆಯನ್ನು ಇಂದಿಗೂ ಬಳಸುತ್ತಾರೆ. ಇದನ್ನು ಮಾಡಲು ಅವರು ಕನ್ನಡ ಮಾತಾಡುವ ಮಕ್ಕಳ ಹತ್ತಿರ ಹೋಗಲೇಬೇಕಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ನಮ್ಮಲ್ಲಿ ಶುರುವಾಗಿದ್ದು ತಿ. ನರಸೀಪುರದಲ್ಲಿ. ಬಹುಪಾಲು ಕಾಲೇಜುಗಳಿಂದ ನಡೆದು ಹೋಗುವ ದೂರದಲ್ಲೇ ಒಂದು ಅಂಗನವಾಡಿ ಇರುತ್ತದೆ. ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಬೆಳಗ್ಗೆ ಅಲ್ಲಿ ಕೂತು ಒಂದೇ ಮಗುವನ್ನು ನೋಡಿ, ಕಂಡದ್ದನ್ನು ಕಂಡ ಹಾಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲಿ. ಇಂಟರ್ನಲ್ ಮಾರ್ಕ್ಸ್ ಅದಕ್ಕೇ ಕೊಡಲಿ. ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಮಗುವಿನ ಹೆಸರು, ಫೋಟೋ ಎಲ್ಲೂ ಬರಬಾರದು. ವಿದ್ಯಾರ್ಥಿಗಳು ಅಲ್ಲಿ ಕೂತು ‘ಈ ಮಗುವಿಗೆ ಆಟಿಸಂ’ ಅಂತ ತೀರ್ಪು ಕೊಡುವುದಂತೂ ಬೇಡವೇ ಬೇಡ. ಆಟ, ಊಟ, ಜಗಳ, ನಿದ್ದೆ ನೋಡಿದರೆ ಸಾಕು.

ಇದರಲ್ಲಿ ಎರಡು ತೊಡಕಿದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಈಗಲೇ ಸರ್ವೆ, ಆ್ಯಪ್, ರಿಜಿಸ್ಟರ್ ಅಂತ ಕೈತುಂಬ ಕೆಲಸ. ನಾವು ಹೋಗಿ ಅವರಿಗೆ ಇನ್ನೊಂದು ಫಾರಂ ತುಂಬಿಸಬಾರದು, ಬದಲಿಗೆ ಹೋದ ದಿನ ಮಕ್ಕಳಿಗೆ ಕತೆ ಹೇಳಿ, ಕೈ ತೊಳೆಸಿ, ಅವರ ಜೊತೆ ನಿಲ್ಲಬೇಕು. ಇನ್ನೊಂದು, ಎಷ್ಟೋ ಕಾಲೇಜುಗಳಲ್ಲಿ ಈ ಪೇಪರ್ ತೆಗೆದುಕೊಳ್ಳುವವರು ಅತಿಥಿ ಉಪನ್ಯಾಸಕರು. ಅಂಗನವಾಡಿಗೆ ನಮ್ಮ ಜೊತೆ ಬರುವ ಗಂಟೆಗಳನ್ನು ವರ್ಕ್‌ಲೋಡ್‌ಗೆ ಸೇರಿಸದಿದ್ದರೆ ಯಾರು ತಾನೇ ಬರುತ್ತಾರೆ? ಪಠ್ಯಕ್ರಮ ಮಾಡುವ ಸಮಿತಿಗಳು ಮುಂದಿನ ಸಭೆಯಲ್ಲಿ ಮೊದಲು ಈ ಗಂಟೆಗಳ ಲೆಕ್ಕ ಬಗೆಹರಿಸಲಿ.

— ಎಂ.ಎಸ್ಸಿ. ಸೈಕಾಲಜಿ ವಿದ್ಯಾರ್ಥಿನಿ, ತುಮಕೂರು