ಹದಿನೇಳು ಖಾಲಿ ಶುಕ್ರವಾರ

ಶಿವಮೊಗ್ಗ
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ದಿನವಾಯಿತು. ಲಂಡನ್ನಿನ ಚಳಿ, ಹೊಸ ಮನೆ, ಪಕ್ಕದ ಮನೆಯ ಮುದುಕಿ, ಎಲ್ಲ ಖುಷಿಯಿಂದ ಓದಿದೆ. ಕೊನೆಯಲ್ಲಿ, ಸಹಿ ಹಾಕುವ ಮುಂಚೆ, ಮರೆತಿದ್ದನ್ನು ಸೇರಿಸಿದ ಹಾಗೆ ಒಂದು ಮಾತು ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ನಿಂತವಳು ಇನ್ನೂ ಅಲ್ಲೇ ಇದ್ದೇನೆ. "ನಾನು ಕೊಟ್ಟ ಇಂಟರ್‌ಫೆರಾನ್‌ನಿಂದಲೇ ಇಲಿಗಳ ಗಡ್ಡೆ ಮತ್ತೆ ಬೆಳೆಯಿತು. ನಾಳೆ ಇದು ಮನುಷ್ಯರ ತನಕ ಹೋದಾಗ ನನ್ನ ಕೈಯಿಂದ ಯಾರಿಗಾದರೂ ಕೇಡಾದರೆ?"

ನಿನ್ನ ಅಮ್ಮನಿಗೆ ಇದನ್ನು ಹೇಳಿಲ್ಲ. ಮನೆಯ ಸುದ್ದಿಯೆಲ್ಲ ಅವಳು ದಿನಾ ಫೋನಿನಲ್ಲಿ ಹೇಳುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ.

ನಿನ್ನ ಸಂಶೋಧನೆಯ ವಿಷಯ ನನಗೆ ಅರ್ಥವಾಗಿರುವುದು ನನ್ನ ರೀತಿಯಲ್ಲಿ. ನಮ್ಮೂರಲ್ಲಿ ಗದ್ದೆಗೆ ಹಂದಿ ಇಳಿದರೆ ಮಾಳದಲ್ಲಿ ಕೂತವನು ಕೂಗು ಹಾಕುತ್ತಿದ್ದ. ಹಂದಿ ಓಡಿಸುವುದು ಆ ಒಬ್ಬನಿಂದ ಆಗುವ ಕೆಲಸವಲ್ಲ. ಆದರೆ ಕೂಗು ಕೇಳಿ ಪಕ್ಕದ ಮಾಳದವನು ಏಳುತ್ತಿದ್ದ, ಅವನ ಕೂಗಿಗೆ ಅದರಾಚೆಯವನು. ವೈರಸ್ಸು ಹೊಕ್ಕ ಜೀವಕೋಶ ಮಾಡುವುದೂ ಅದನ್ನೇ ಅಲ್ಲವೇ? ಅದು ಹಾಕುವ ಕೂಗೇ ಇಂಟರ್‌ಫೆರಾನ್ ಅನ್ನುವ ಪ್ರೋಟೀನು. ಇಂಟರ್‌ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ, ನೆರೆಯ ಕೋಶಗಳಿಗೆ ಬಾಗಿಲು ಭದ್ರ ಮಾಡಿಕೊಳ್ಳಿ ಅನ್ನುತ್ತದೆ. ಆದರೆ ತಿಂಗಳಿಡೀ ರಾತ್ರಿಯೆಲ್ಲ ಕೂಗಿದರೆ ಕೊಯ್ಲಿನ ಹೊತ್ತಿಗೆ ಕತ್ತಿ ಹಿಡಿಯಲು ಯಾರ ಕೈಯಲ್ಲೂ ತ್ರಾಣ ಇರುವುದಿಲ್ಲ. ನಿನ್ನ ಇಲಿಗಳಲ್ಲಿ ಮೊದಲೆರಡು ವಾರ ಕರಗಿದ ಗಡ್ಡೆ ಆಮೇಲೆ ಪಿಡಿ-ಎಲ್1 ಅನ್ನುವ ಪ್ರೋಟೀನು ಹೊದ್ದುಕೊಂಡು, ತನ್ನ ಮೇಲೆ ಬೀಳುವ ಟಿ ಕೋಶಗಳನ್ನು ಸುಮ್ಮನಾಗಿಸಿತು ಅಂತ ಬರೆದಿದ್ದೀಯ. ಆ ಹೊದಿಕೆಯನ್ನು ಗಡ್ಡೆಗೆ ಹೊದಿಸಿದ್ದೂ ನೀನು ಕೊಟ್ಟ ಅದೇ ಇಂಟರ್‌ಫೆರಾನ್. ಹಾಗಾಗಿ ಭಯ ಸುಳ್ಳು ಅಂತ ನಾನು ಹೇಳಲಾರೆ.

1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನುವ ವಿಜ್ಞಾನಿಗಳು ಇಂಟರ್‌ಫೆರಾನನ್ನು ಕಂಡುಹಿಡಿದ ಮಿಲ್ ಹಿಲ್ ನಿನ್ನ ಮನೆಯಿಂದ ದೂರವಿಲ್ಲ ಅಂತ ನೀನು ಅಂದಿದ್ದೆ. ಕೋಳಿಮೊಟ್ಟೆಯ ಪೊರೆ, ಬಿಸಿ ಮಾಡಿ ಕೊಂದ ಫ್ಲೂ ವೈರಸ್ಸು, ಇಷ್ಟರಲ್ಲೇ ಕಂಡುಹಿಡಿದರಂತೆ. ಅದೇ 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ನಾನಾಗ ಎರಡು ವರ್ಷದ ಕೂಸು. ಸೊಪ್ಪಿಗೆ ಹೋದವರು ಜ್ವರ ಹೊತ್ತು ಬರುತ್ತಿದ್ದರು, ಅಜ್ಜಿ ನನ್ನನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲವಂತೆ. ಆ ಮಂಗನ ಕಾಯಿಲೆಯ ವೈರಸ್ಸಿನ ಒಂದು ಪ್ರೋಟೀನು ಇಂಟರ್‌ಫೆರಾನಿನ ಕೂಗನ್ನೇ ಅಡಗಿಸುತ್ತದೆ ಅಂತ ನೀನು ಹೇಳಿದ ದಿನ ನನಗೆ ಮೈ ಜುಮ್ಮೆಂದಿತ್ತು. ಒಂದೇ ವರ್ಷ, ಅಲ್ಲಿಬ್ಬರು ಆ ಕೂಗನ್ನು ಮೊದಲ ಸಲ ಕೇಳಿಸಿಕೊಂಡರು, ಇಲ್ಲಿ ನಮ್ಮವರು ಅದು ಅಡಗಿ ಸತ್ತರು.

ಎಲ್ಲಿಗೋ ಹೋದೆ. ನಿನ್ನ ಭಯಕ್ಕೆ ಬರುತ್ತೇನೆ.

ದೊಡ್ಡಪ್ಪನ ಹೆಪಟೈಟಿಸ್ ಸಿ, ಆ ಲಿವರಿನ ವೈರಸ್ಸು ಕಾಯಿಲೆ, ನಿಮಗೆಲ್ಲ ಗೊತ್ತಿರುವ ಕಥೆ. 2007ರಲ್ಲಿ ಅದಕ್ಕಿದ್ದ ಔಷಧ ಇದೇ ಇಂಟರ್‌ಫೆರಾನ್, ಜೊತೆಗೆ ರಿಬಾವಿರಿನ್ ಮಾತ್ರೆ. ವಾರಕ್ಕೊಂದು ಸೂಜಿ, 48 ವಾರ. ನಾನು ಲ್ಯಾಬ್ ಟೆಕ್ನಿಷಿಯನ್, ರಕ್ತ ತೆಗೆದು ಪಳಗಿದ ಕೈ, ಹಾಗಾಗಿ ಮನೆಯಲ್ಲಿ ನಾನೇ ಚುಚ್ಚುತ್ತಿದ್ದೆ. ಶುಕ್ರವಾರ ರಾತ್ರಿ ಕೊಟ್ಟರೆ ಜ್ವರ, ಮೈಕೈ ನೋವು ಶನಿವಾರ ಭಾನುವಾರ ಕಳೆಯುತ್ತದೆ ಅಂತ ಲೆಕ್ಕ. 31ನೇ ಸೂಜಿಗೆ ನಿಲ್ಲಿಸಿದರು. ಬಿಳಿರಕ್ತಕಣ ಇಳಿದಿತ್ತು ಅಂತ ನಿಮಗೆ ಹೇಳಿದ್ದೆ. ಇಳಿದದ್ದು ನಿಜ, ನಿಲ್ಲಿಸಿದ್ದು ಅದಕ್ಕಲ್ಲ.

ಐದಾರು ವಾರವಾದ ಮೇಲೆ ಅವರು ಪೇಪರ್ ಓದುವುದು ಬಿಟ್ಟರು. ದಾಸವಾಳಕ್ಕೆ ನೀರು ಹಾಕುವುದು ಬಿಟ್ಟರು. ಜಗಲಿಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ನನಗೆ ಕಂಡದ್ದು ಸೋಮಾರಿತನ. ಒಂದು ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಬೈದೆ. "ನಾನು ದುಡಿದು ಬಂದು ಚುಚ್ಚಬೇಕು, ನೀವು ಗೋಡೆ ನೋಡ್ತಾ ಕೂರಬೇಕು. ಬದುಕೋ ಮನಸ್ಸಾದರೂ ಇದೆಯಾ?" ಅವರು ಸಾವಕಾಶ ಯೋಚನೆ ಮಾಡಿ "ಇಲ್ಲ" ಅಂದರು. ಮುಂದಿನ ಶುಕ್ರವಾರ ಸೂಜಿ ಹಿಡಿದು ನಿಂತಾಗ ಅಂಗಿ ಎತ್ತಲಿಲ್ಲ.

ಅವರು ತೀರಿಕೊಂಡ ಮಾರನೇ ವರ್ಷ ಫೋನಿನಲ್ಲಿ ನೀನು ಯಾವುದೋ ಮಾತಿಗೆ ಹೇಳಿದೆ: ಇಂಟರ್‌ಫೆರಾನ್ ದೇಹದಲ್ಲಿರುವ ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲವನ್ನು ಬೇರೆ ದಾರಿಗೆ ತಿರುಗಿಸುತ್ತದೆ, ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್‌ಗೆ ಸಾಮಗ್ರಿ ಕಡಿಮೆಯಾಗುತ್ತದೆ, ಆ ಚಿಕಿತ್ಸೆ ಪಡೆದವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಖಿನ್ನತೆ ಬರುತ್ತಿತ್ತು ಅಂತ. ಕುಕ್ಕರ್ ಕೂಗುತ್ತಿದೆ ಅಂತ ಫೋನ್ ಇಟ್ಟೆ. ಕುಕ್ಕರ್ ಇಟ್ಟೇ ಇರಲಿಲ್ಲ ಪುಟ್ಟಿ.

ಔಷಧದ ಪೆಟ್ಟಿಗೆಯ ಚೀಟಿಯಲ್ಲೇ ಅದು ಇತ್ತು. ಓದಿದ್ದೆ. ಅದು ಬೇರೆ ಯಾರಿಗೋ ಬರುವಂಥದ್ದು ಅಂದುಕೊಂಡಿದ್ದೆ. ಅವರು ತೀರಿಕೊಳ್ಳುವ ಮುಂಚೆ, 2016ರಲ್ಲಿ ಹೊಸ ಮಾತ್ರೆ ಬಂದು 12 ವಾರದಲ್ಲಿ ವೈರಸ್ಸು ಹೋಯಿತು, ದಾಸವಾಳಕ್ಕೆ ಮತ್ತೆ ನೀರು ಬಿತ್ತು. ಆ ರಾತ್ರಿಯ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನಾನು ಎತ್ತಬೇಕಿತ್ತು.

ಹಾಗಾಗಿ "ನನ್ನ ಕೈಯಿಂದ" ಅಂತ ನೀನು ಬರೆದಾಗ ನಾನು ನನ್ನ ಕೈ ನೋಡಿಕೊಂಡೆ. ಸೂಜಿ ಚುಚ್ಚಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆಗ ಅದೊಂದೇ ಔಷಧ, ಎಷ್ಟೋ ಜನ ಅದರಿಂದಲೇ ವಾಸಿಯಾದರು. ಮನುಷ್ಯ ಎದುರಿಗೇ ಬದಲಾಗುತ್ತಿದ್ದರೂ ಕೇಳದೇ ಹೋದೆನಲ್ಲ, ನಿದ್ದೆ ಕೆಡಿಸುವುದು ಅದು.

ನಿನಗೆ ಬುದ್ಧಿ ಹೇಳುವಷ್ಟು ನಾನು ಓದಿಲ್ಲ. ಆದರೂ ಒಂದು ವಿಷಯ. ವರ್ಷಗಟ್ಟಲೆ ಕ್ಷಯದ ಕಫದ ಸ್ಲೈಡ್‌ಗಳಿಗೆ ಬಣ್ಣ ಹಾಕಿದವಳು ನಾನು. 2010ರಲ್ಲಿ ಕ್ಷಯ ಉಲ್ಬಣಿಸಿದವರ ರಕ್ತದಲ್ಲಿ ಇಂಟರ್‌ಫೆರಾನಿನ ಗುರುತು ಎದ್ದು ಕಾಣುತ್ತದೆ ಅಂತ ತೋರಿಸಿದ್ದು ಆನ್ ಓಗಾರಾ ಅವರ ತಂಡ. ಅದೂ ಮಿಲ್ ಹಿಲ್‌ನಲ್ಲೇ, ಇದನ್ನು ಕಾಯುವ ವಸ್ತು ಅಂತ ಮೊದಲು ಕಂಡ ಸಂಸ್ಥೆಯಲ್ಲೇ. ರೋಗ ಜೋರಾದಷ್ಟೂ ಆ ಗುರುತೂ ಜೋರು. ಅವರು ಅದನ್ನು ಬಚ್ಚಿಡಲಿಲ್ಲ. ಅದಾಗಿ ಹತ್ತು ವರ್ಷಕ್ಕೆ ಕೊರೊನಾದಲ್ಲಿ ತಿರುಗುಮುರುಗು. ಜೀವಾಪಾಯದಲ್ಲಿದ್ದ 987 ರೋಗಿಗಳಲ್ಲಿ 101 ಜನರ ದೇಹ ತನ್ನದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯ ಇಟ್ಟುಕೊಂಡಿತ್ತು ಅಂತ ನೀನೇ ಕಳಿಸಿದ ಲೇಖನದಲ್ಲಿತ್ತು. ಇದ್ದರೆ ಒಬ್ಬರಿಗೆ ಕೇಡು, ಇಲ್ಲದಿದ್ದರೆ ಇನ್ನೊಬ್ಬರಿಗೆ. ನಿನ್ನ ಇಲಿಗಳು ಹೇಳಿದ್ದೂ ಯಾವಾಗ, ಎಷ್ಟು ದಿನ ಅನ್ನುವುದನ್ನೇ ಇರಬೇಕು. ಆ ಪಂಜರದ ಲೆಕ್ಕವನ್ನು ಪಕ್ಕಕ್ಕಿಡಬೇಡ. ಗಡ್ಡೆ ಬೆಳೆದ ದಿನಾಂಕ, ಕೊಟ್ಟ ಪ್ರಮಾಣ ಎಲ್ಲವನ್ನೂ ನಿನ್ನ ಗೈಡಿಗೆ ತೋರಿಸು. ನಾಳೆ ಆಸ್ಪತ್ರೆಯವರು ನಿಮ್ಮ ಲ್ಯಾಬಿಗೆ ಬಂದು ಮಾತಾಡುವ ದಿನ ಬಂದರೆ, ರೋಗಿಯ ಮನೆಯವರನ್ನೂ ಕೇಳಿ ಅಂತ ಒಂದು ಮಾತು ಹೇಳು. ಇದು ಸಣ್ಣ ವಿಷಯ ಅನ್ನಿಸಿದರೆ ಕ್ಷಮಿಸು.

ರಾತ್ರಿ ಊಟ ಬಿಡಬೇಡ. ಇದನ್ನು ಎಲ್ಲರೂ ಹೇಳುತ್ತಾರೆ, ಗೊತ್ತು.

ನಿನ್ನೆ ಬೀರುವಿನ ಕೆಳಗಿನ ಅರೆಯಿಂದ ಆಗಿನ ಪಟ್ಟಿ ತೆಗೆದೆ. ಸ್ಕೇಲ್ ಇಟ್ಟು ಗೆರೆ ಹಾಕಿ ನಾನೇ ಮಾಡಿದ್ದು: 48 ಶುಕ್ರವಾರ, ಜ್ವರ, ತೂಕ, ಪ್ಲೇಟ್‌ಲೆಟ್, ಬಿಳಿಕಣ. 31 ಸಾಲು ತುಂಬಿವೆ, ನನ್ನ ಅಕ್ಷರ ಒಂದು ಕಡೆಯೂ ಅಲುಗಾಡಿಲ್ಲ. ಅವರು ಆ ವಾರ ಏನು ಮಾತಾಡಿದರು ಅಂತ ಬರೆಯಲು ಅದರಲ್ಲಿ ಜಾಗವೇ ಇಲ್ಲ. ಕೆಳಗೆ ಹದಿನೇಳು ಸಾಲು ಖಾಲಿ. ಫೋಟೊ ತೆಗೆದು ಕಳಿಸುತ್ತೇನೆ, ನಿನ್ನಮ್ಮನಿಗೆ ತೋರಿಸಬೇಡ.

ಭಾನುವಾರ ಫೋನ್ ಮಾಡು. ಹೊತ್ತು ನೋಡಬೇಡ, ನಿನಗೆ ಅನುಕೂಲವಾದಾಗ ಮಾಡು, ನಾನು ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ