ಮೂಲೆ ಸೇರಿದ್ದ ಆಕ್ಸಿಜನ್ ಯಂತ್ರಗಳು ಮತ್ತೆ ವಾರ್ಡಿಗೆ ಬಂದವು

2021ರ ಕೊರೊನಾ ಅಲೆ ಇಳಿದ ಮೇಲೆ ರಾಯಚೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ಸ್ಟೋರ್ ರೂಮ್ ಸೇರಿದ್ದ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಈ ವಾರ ಮತ್ತೆ ವಾರ್ಡಿಗೆ ಹೋದವು. ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವ ನಾವು, ಹೌಸ್ ಸರ್ಜನ್ಸಿ ಮಾಡುತ್ತಿರುವ ಮೆಡಿಕಲ್ ಗೆಳೆಯರು ಸೇರಿ ರಿಪೇರಿ ಮಾಡಿದೆವು. ಹೆಸರು ಬರೀಬೇಡಿ ಅಂದವರೇ ಜಾಸ್ತಿ. ಹಾಗಾಗಿ ಹೆಸರಿಲ್ಲದೆಯೇ ಥ್ಯಾಂಕ್ಸ್ ಹೇಳುತ್ತೇನೆ.

ಮೊದಲು ಮೆಡಿಕಲ್ ಗೆಳೆಯರಿಗೆ. ಯಂತ್ರ ಓಡಿತು ಅಂದರೆ ಸಾಲದು ಎಂದು ಪಟ್ಟು ಹಿಡಿದವರು ಅವರು. ಇದರೊಳಗಿನ ಜಿಯೋಲೈಟ್ ಕಾಳುಗಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಬಿಟ್ಟುಕೊಡುತ್ತವೆ. ವರ್ಷಗಟ್ಟಲೆ ಸುಮ್ನೆ ಇಟ್ಟರೆ ತೇವ ಹೀರಿ ಕೆಡುತ್ತವೆ. ಯಂತ್ರವೇನೋ ಸದ್ದು ಮಾಡುತ್ತಾ ಓಡುತ್ತದೆ, ರೋಗಿಗೆ ಬೇಕಾದಷ್ಟು ಆಕ್ಸಿಜನ್ ಮಾತ್ರ ಸಿಗುವುದಿಲ್ಲ. ಯಂತ್ರದಿಂದ ಬರುವ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಶೇ 82ಕ್ಕಿಂತ ಕೆಳಗಿಳಿಯಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೊಂದನ್ನೂ ಆ ಪ್ರಮಾಣ ತೋರಿಸುವ ಅನಲೈಸರ್ ಹಿಡಿದು ಅಳೆದೆವು. "ನ್ಯುಮೋನಿಯಾ ಆದ ಮಗುವಿಗೆ ಇದನ್ನ ಹಾಕ್ತೀಯಾ?" ಅಂತ ಪ್ರತಿ ಸಲ ಕೇಳುತ್ತಿದ್ದರು. ಹೌದು ಅನ್ನಲಾಗದ ಯಂತ್ರಗಳನ್ನು ಬಿಡಿಭಾಗಕ್ಕೆ ತೆಗೆದಿಟ್ಟೆವು.

ಮಕ್ಕಳ ವಾರ್ಡಿನ ಸಿಸ್ಟರ್‌ಗೆ ಎಷ್ಟು ಹೇಳಿದರೂ ಕಡಿಮೆ. ಒಂದು ಯಂತ್ರದ ಮೀಟರ್ ನಿಮಿಷಕ್ಕೆ 5 ಲೀಟರ್ ತೋರಿಸುತ್ತಿತ್ತು. ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿಯಲ್ಲಿ ಗುಳ್ಳೆಗಳೂ ಏಳುತ್ತಿದ್ದವು. ಎಲ್ಲ ಸರಿ ಅನ್ನಿಸುತ್ತೆ ಅಲ್ವಾ? "ಲೋಟದಾಗ ನೀರು ತಗೊಂಡು ಬಾ ತಮ್ಮಾ" ಅಂದರು. ಮೂಗಿಗೆ ಹಾಕುವ ಪೈಪಿನ ತುದಿಯನ್ನು ಅದರಲ್ಲಿ ಅದ್ದಿದರು. ಒಂದು ಗುಳ್ಳೆಯೂ ಬರಲಿಲ್ಲ. ಬಾಟಲಿಯ ಮುಚ್ಚಳ ಓರೆಯಾಗಿ ಕೂತು, ಆಕ್ಸಿಜನ್ ಎಲ್ಲ ಅಲ್ಲೇ ಸೋರಿಹೋಗುತ್ತಿತ್ತು. ತಿರುಗಿಸಿ ಬಿಗಿ ಮಾಡಿದ ಕೂಡಲೇ ಲೋಟದಲ್ಲಿ ಗುಳ್ಳೆ ಬುಳುಬುಳು ಎಂದವು. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಈಗ ಪ್ರತಿ ಯಂತ್ರಕ್ಕೆ ಕಟ್ಟಿರುವ ಕನ್ನಡ ಕಾರ್ಡಿನಲ್ಲಿ ಮೊದಲ ಸಾಲು. ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ, ಗೋಡೆಗೆ ಒತ್ತಿ ಇಡಬೇಡಿ, ಬಳಸದಿದ್ದರೂ ಆಗಾಗ ಓಡಿಸಿ ಅನ್ನುವುದೆಲ್ಲ ಅದರ ಕೆಳಗಿದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವವರಿಗೂ ಒಂದು ನೋಟಕ್ಕೆ ಕಾಣಬೇಕು ಎಂದು ಅಕ್ಷರ ದೊಡ್ಡದು ಮಾಡಿಸಿದವರೂ ಸಿಸ್ಟರೇ.

ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಮುಕ್ಕರಿಯುವುದನ್ನು ಕೇಳಿ, ಎಲ್ಲಿಂದಲೋ ಸ್ಟೆಬಿಲೈಸರ್ ಹುಡುಕಿ ತಂದ ಎಲೆಕ್ಟ್ರಿಷಿಯನ್ ಅಣ್ಣನಿಗೆ, ಯಂತ್ರಗಳನ್ನು ಮೇಲೆ ಕೆಳಗೆ ಹೊತ್ತ ಗ್ರೂಪ್ ಡಿ ಅಣ್ಣಂದಿರಿಗೆ, ನಂಬಿ ಕೀಲಿ ಕೊಟ್ಟ ವೈದ್ಯಾಧಿಕಾರಿಗಳಿಗೆ, ನಮ್ಮ ಗೈಡ್ ಮೇಡಂಗೆ ತುಂಬು ಮನಸ್ಸಿನ ಧನ್ಯವಾದ.

ಮುಂದಿನ ಬ್ಯಾಚಿನವರು ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಯಂತ್ರಗಳನ್ನು ನೋಡಲಿದ್ದಾರೆ. ಮೊದಲು ನಿಮ್ಮ ವಾರ್ಡಿಗೇ ಕಳಿಸುತ್ತೇವೆ ಸಿಸ್ಟರ್. ಅವರಿಗೂ ಕಲಿಸಿಕೊಡಿ.